ಪರಲೋಕಕ್ಕೆ ಹೆದರಿದ ನನ್ನ ಅತ್ತೆ

ನನ್ನ ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು. ನನ್ನ ಸಿಟ್ಟಿಗೆ ಮಾತ್ರ ಇನ್ನೂ ಸಾವು ಬಂದಿಲ್ಲ. ಹಾಗಂತ ನಾವಿಬ್ಬರೂ ತಾಯಿ-ಮಗಳ ಹಾಗಿದ್ದೆವು ಎಂದು ಯಾರೂ ತಿಳಿಯಬೇಡಿ. ಮದುವೆಯಾಗಿ ಬಂದ ಹೊಸತರಲ್ಲೇ ನಾನು ಮಡಚಿಟ್ಟ ಷರಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನಮ್ಮ, ಮಡಚಿದ್ದಾ, ಮುದುರಿದ್ದಾ?" ಎಂದು ಗಿರಾಕಿಗಳ ಮುಂದೆಯೇ ಕೇಳಿದ ಪುಣ್ಯಾತ್ಗಿತ್ತಿ ಅವರು. ನಾನೂ ಸುಮ್ಮನಿರುವ ಜಾತಿಯಲ್ಲ. ಮಧ್ಯದಲ್ಲಿ ನನ್ನ ಗಂಡ ಅಡಕತ್ತರಿಯಲ್ಲಿ ಸಿಕ್ಕವನಂತೆ ಇದ್ದ, ಪಾಪ.

ಮನೆಯ ಮುಂದಿನ ಕೋಣೆಯೇ ಅತ್ತೆಯ ಇಸ್ತ್ರಿ ಅಂಗಡಿ. ಉದ್ದನೆಯ ಮೇಜು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದಿದ ಬಿಳಿ ಚಾದರ. ಮಗ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟರೆ "ಇದಕ್ಕೆ ತೂಕಾನೇ ಇಲ್ಲ, ಆಟದ ಸಾಮಾನು" ಎಂದು ಮೂಲೆಗೆ ತಳ್ಳಿ, ಕೆಂಡದ ಪೆಟ್ಟಿಗೆಯನ್ನೇ ಕೊನೆಯವರೆಗೂ ಎತ್ತಿದರು. ಮೊದಲು ಕಾಲರು, ಆಮೇಲೆ ತೋಳು, ಕಡೆಗೆ ಬೆನ್ನು. ಬುಟ್ಟಿ ಖಾಲಿಯಾದ ಮೇಲೆ ಕೆಂಡಕ್ಕೆ ನೀರು ಚಿಮುಕಿಸಿ, ಹೊಸ್ತಿಲ ಮೇಲೆ ಕಾಲು ನೀಡಿ ಕೂತು ಟೀ ಕುಡಿಯುತ್ತಿದ್ದರು. "ಕೆಲಸ ಮುಗಿಸಿ ಕೂತ್ಕೊಳೋದಕ್ಕಿಂತ ಸುಖ ಇನ್ನೇನಿದೆಯೇ?" ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದರೆ ನನಗೂ ಜಗಳ ಮರೆತುಹೋಗುತ್ತಿತ್ತು.

ಹೋದ ವರ್ಷ ಅವರ ಕಾಲು ಊದಿಕೊಂಡವು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೃದಯ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟರು. ಬೀದಿ ಕಾಣಬೇಕೆಂದು ಹಟ ಹಿಡಿದದ್ದಕ್ಕೆ ಅಂಗಡಿಯಲ್ಲೇ, ಮೇಜಿನ ಪಕ್ಕ ಮಂಚ ಹಾಕಿದೆವು. ಅಲ್ಲಿಂದಲೇ ನನ್ನ ಇಸ್ತ್ರಿಗೆ ತಪ್ಪು ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಮಾತ್ರ ಸುಮ್ಮನಿದ್ದರು. ತಿರುಗಿ ನೋಡಿದರೆ ಹಣೆಯ ತುಂಬ ಬೆವರು.

"ಏನಾಯ್ತತ್ತೆ?"

"ಹೆದರಿಕೆ ಕಣೇ."

"ಸಾಯೋದಕ್ಕಾ?"

"ಸಾಯೋದು ಒಂದು ಗಳಿಗೆ ಕೆಲಸ, ಆಗೋಗುತ್ತೆ. ಹೆದರಿಕೆ ಆಮೇಲಿಂದಕ್ಕೆ." ಅವರು ನನ್ನ ಮಣಿಕಟ್ಟು ಹಿಡಿದರು. "ಚಿಕ್ಕೋಳಿದ್ದಾಗ ಚರ್ಚಿನ ಭಾನುವಾರದ ಶಾಲೆಲಿ ಟೀಚರಮ್ಮ ಹೇಳಿದ್ರು, ಪರಲೋಕದಲ್ಲಿ, ಅದೇ ಸ್ವರ್ಗದಲ್ಲಿ, ದೇವರ ಮುಂದೆ ಹಾಡ್ತಾನೇ ಇರ್ತೀವಿ ಅಂತ. ಆಮೇಲೆ ಅಂದೆ. ಆಮೇಲೂ ಹಾಡೇ ಅಂದ್ರು. ಅದಾದ್ಮೇಲೆ ಅಂದೆ. ಅದಕ್ಕೆ ಆದ್ಮೇಲೆ ಅನ್ನೋದೇ ಇಲ್ಲ ಅಂದ್ರು. ಅಲ್ಲೇ ವಾಂತಿ ಮಾಡ್ಕೊಂಡೆ. ಕೆಲಸ ಇರೋವರ್ಗೂ ಆ ಯೋಚನೆ ಓಡಿಸ್ತಿದ್ದೆ. ಈಗ ಮಲಗಿದೀನಲ್ಲ, ಬಂದು ಎದೆ ಮೇಲೆ ಕೂತಿದೆ."

ನಾನು ಸೆರಗಿನ ತುದಿಯಿಂದ ಅವರ ಬೆವರು ಒರೆಸಿದೆ.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ. ಹಾಸಿಗೆ ಹಿಡಿದವರಿಗೆ ಕಡೆಯ ಸಲ ಕರ್ತನ ಭೋಜನದ ರೊಟ್ಟಿ, ಅಂದರೆ ಯೇಸುವಿನ ನೆನಪಿಗೆ ತಿನ್ನುವ ಚೂರು, ಕೊಡುವ ಮುಂಚೆ, ಅವರು ತಮ್ಮ ಬಾಯಿಂದಲೇ ಸಾಕ್ಷಿಗಳ ಎದುರು ಒಂದು ಮಾತು ಹೇಳಬೇಕು: "ನಾನು ಸಂತೋಷದಿಂದ ನಿತ್ಯಜೀವಕ್ಕೆ ಕಾದಿದ್ದೇನೆ." ನಿತ್ಯಜೀವ ಎಂದರೆ ಪರಲೋಕದ ಆ ಕೊನೆಯಿಲ್ಲದ ಬದುಕು. ಗಟ್ಟಿಮುಟ್ಟಾಗಿ ಓಡಾಡುವವರನ್ನು ಯಾರೂ ಕೇಳುವುದಿಲ್ಲ. ಉಸಿರಿಗೆ ಒದ್ದಾಡುವವರನ್ನೇ ಕೇಳುತ್ತಾರೆ! ಅತ್ತೆಗೆ ಆ ರೊಟ್ಟಿ ಬೇಕಿತ್ತು. ಯೇಸುವಿನ ಮೇಲೆ ಅವರಿಗಿದ್ದ ಪ್ರೀತಿ ನನಗೂ ಇಲ್ಲ, ನನ್ನ ಗಂಡನಿಗೂ ಇಲ್ಲ. ಪಾಸ್ಟರು ರೊಟ್ಟಿ ತರುತ್ತಾರೆಂದು ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ತಾವೇ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಹೊದಿಕೆ ಹಾಕಿಸಿಕೊಂಡು ಕಾದರು.

ಪಾಸ್ಟರ ಜೊತೆ ಸಭೆಯ ಹಿರಿಯರೊಬ್ಬರೂ ಬಂದರು. ಊರೆಲ್ಲ ಅವರನ್ನು ತಕ್ಕಡಿ ಎನ್ನುವುದು, ಎಲ್ಲರ ಭಕ್ತಿಯನ್ನೂ ತೂಗುತ್ತಾರೆಂದು. ಪಾಸ್ಟರು ಮಾತು ಹೇಳಿಕೊಟ್ಟರು. ಅತ್ತೆ ಹೊದಿಕೆಯ ಅಂಚು ನೇರ ಮಾಡಿಕೊಂಡರು.

"ಕಾದಿದೀನಿ ಅನ್ನೋದು ನಿಜ ಅಯ್ಯನವರೇ. ಸಂತೋಷದಿಂದ ಅಂತ ಹೇಗನ್ನಲಿ? ನಂಗೆ ಹೆದರಿಕೆ. ಮುಗಿಯೋದೇ ಇಲ್ಲ ಅಂದ್ರೆ ಹೆದರಿಕೆ. ರೊಟ್ಟಿ ಬಾಯಿಗಿಟ್ಕೊಳೋ ಹೊತ್ತಲ್ಲಿ ಸುಳ್ಳು ಹೇಳ್ಬೇಕಾ?"

ತಕ್ಕಡಿ ಗಂಟಲು ಸರಿಮಾಡಿಕೊಂಡರು. "ಹೆದರಿಕೆ ಅಂದ್ರೆ ಒಳಗೆ ಪಾಪ ಬಚ್ಚಿಟ್ಕೊಂಡಿದೀರ ಅಂತ. ಅದನ್ನ ಹೊರಗೆ ಹಾಕಿ. ಆಮೇಲೆ ರೊಟ್ಟಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಮುದುಕಿ ಹೆದರಿದ್ದು ಪರಲೋಕಕ್ಕೆ, ಇವರು ತಿಳಿದದ್ದು ನರಕಕ್ಕೆಂದು! ಮಾರನೆಯ ದಿನದಿಂದ ಪ್ರಾರ್ಥನಾ ಕೂಟದ ಹೆಂಗಸರು ಮಂಚದ ಸುತ್ತ ಕುರ್ಚಿ ಹಾಕಿ ಪಾಪ ಹುಡುಕಲು ಕೂತರು. ನೆನಪು ಮಾಡ್ಕೊಳ್ಳಿ ಅಕ್ಕ, ಯಾರ ಮೇಲಾದರೂ ದ್ವೇಷ ಇದೆಯಾ ಅಕ್ಕ, ಏನಾದರೂ ಮುಚ್ಚಿಟ್ಟಿದ್ದೀರಾ ಅಕ್ಕ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೇಳಿದರು, ಕೇಳಿದರು. ಕಡೆಗೆ ತಕ್ಕಡಿಯ ಹೆಂಡತಿಯ ಕಡೆ ತಿರುಗಿದರು.

"ಇದೆ ಕಣಮ್ಮಾ, ಒಂದು ಪಾಪ. ನಿನ್ನ ಗಂಡನ ಮದುವೆ ಕೋಟು ಸುಟ್ಟಿದ್ನಲ್ಲ, ಕೈತಪ್ಪಿ ಅಂದಿದ್ದೆ. ಬೇಕಂತಲೇ ಸುಟ್ಟಿದ್ದು. ಅವತ್ತು ನನ್ನ ಗಂಡನ್ನ ಎಲ್ಲರ ಮುಂದೆ ಬೈದಿದ್ದ." ಉಸಿರೆಳೆದುಕೊಂಡು ಮುಂದುವರಿಸಿದರು. "ಇನ್ನು ನರಕ ಅಂತೀರಲ್ಲ, ಐವತ್ತು ವರ್ಷ ಕೆಂಡದ ಮುಂದೆ ನಿಂತೋಳಿಗೆ ಬೆಂಕಿ ತೋರಿಸ್ತೀರಾ? ಎದ್ದು ಹೋಗ್ರಮ್ಮಾ, ಗಾಳಿ ಬರ್ಲಿ."

ಹೆಂಗಸರು ಕಾಲಿಗೆ ಬುದ್ಧಿ ಹೇಳಿದರು. ನಾನು ಬಾಗಿಲು ಹಾಕಿಕೊಂಡು ಬಿದ್ದು ಬಿದ್ದು ನಕ್ಕೆ. ಅತ್ತೆಯೂ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅತ್ತರು. "ರೊಟ್ಟಿ ಕೊಡಲ್ಲ ಅಲ್ವೇನೇ ಇನ್ನು?"

ನಾನೇ ಹೋಗಿ ಪಾಸ್ಟರನ್ನು ಕರೆತಂದೆ. ಗುರುವಾರ ಸಂಜೆ. ಅವರ ಚೀಲದಲ್ಲಿ ರೊಟ್ಟಿಯ ಡಬ್ಬಿ ಇತ್ತು, ಕಣ್ಣಾರೆ ಕಂಡೆ. ಅತ್ತೆಯ ತುಟಿ ನೀಲಿಗಟ್ಟಿತ್ತು. ನನಗೆ ತಡೆಯಲಾಗಲಿಲ್ಲ.

"ಅಯ್ಯನವರೇ, ನಿಜ ಹೇಳಿ. ನಿಮಗೆ ಒಂದು ದಿನಾನೂ ಈ ಹೆದರಿಕೆ ಆಗಿಲ್ವಾ?"

ಪಾಸ್ಟರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. "ಆಗಿದೆ," ಎಂದರು. "ಹುಡುಗನಾಗಿದ್ದಾಗಿಂದ ಇದೆ. ಪುಸ್ತಕದಲ್ಲಿ ನಿತ್ಯಜೀವ ಅನ್ನೋ ಮಾತು ಬಂದಾಗೆಲ್ಲ ಬೇಗ ಬೇಗ ಓದಿ ಮುಂದಕ್ಕೆ ಹೋಗ್ಬಿಡ್ತೀನಿ."

ಅತ್ತೆ ದಿಂಬಿನಿಂದ ತಲೆ ಎತ್ತಿದರು. ಸಮಾಧಾನವಾಗಿರಬೇಕು ಎಂದುಕೊಂಡೆ. ಎಲ್ಲಿಯ ಸಮಾಧಾನ!

"ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಆ ಹೆಂಗಸರನ್ನ ನನ್ನ ಮೇಲೆ ಬಿಟ್ರಾ? ಇಷ್ಟು ದಿನ ನಾನೊಬ್ಳೇ ಅನ್ಕೊಂಡಿದ್ನಲ್ಲಪ್ಪಾ!" ಉಸಿರು ಸಿಕ್ಕಿಹಾಕಿಕೊಂಡಿತು. ಸ್ವಲ್ಪ ತಡೆದು ಕೈ ಚಾಚಿದರು. "ಹೋಗ್ಲಿ. ಈಗ ಕೊಡಿ. ನೀವೂ ಹೆದರ್ಕೊಂಡೇ ಕೊಡಿ, ನಾನೂ ಹೆದರ್ಕೊಂಡೇ ತಗೋತೀನಿ."

ಪಾಸ್ಟರ ಕೈ ಚೀಲದೊಳಗೆ ಹೋಯಿತು. ಅಷ್ಟರಲ್ಲಿ ಹೊಸ್ತಿಲಲ್ಲಿ ಚಪ್ಪಲಿ ಬಿಡುವ ಸದ್ದು. ತಕ್ಕಡಿ. "ಏನು, ಮಾತು ಹೇಳಿದ್ರಾ ಇವ್ರು?" ಎಂದರು.

ಪಾಸ್ಟರ ಕೈ ಹಾಗೇ ಹೊರಗೆ ಬಂತು, ಖಾಲಿ. "ನಾಳೆ ಬರ್ತೀನಮ್ಮ," ಎಂದು ಅತ್ತೆಯ ಮುಖ ನೋಡದೆ ಎದ್ದರು. ನನ್ನ ಗಂಡ ಅವರನ್ನು ಬಾಗಿಲವರೆಗೆ ಬಿಟ್ಟು ಬಂದ, ಕೈ ಬೇರೆ ಮುಗಿದ! ನಾನು ಅವನ ಜೊತೆ ಆ ರಾತ್ರಿ ಮಾತಾಡಲಿಲ್ಲ. ಬೆಳಗಾಗುವ ಹೊತ್ತಿಗೆ ಅತ್ತೆ ಹೋಗಿದ್ದರು. ನನ್ನ ಕೈ ಹಿಡಿದುಕೊಂಡೇ ಹೋದರು, ಹೆದರಿಕೊಂಡೇ ಹೋದರು. ಸುಳ್ಳು ಏಕೆ ಹೇಳಲಿ?

ಶನಿವಾರ ಚರ್ಚಿನಲ್ಲಿ ಸಮಾಧಿಗೆ ಮುಂಚಿನ ಆರಾಧನೆ. ಕೂರಲು ಜಾಗವಿರಲಿಲ್ಲ, ಅವರು ಇಸ್ತ್ರಿ ಮಾಡಿಕೊಟ್ಟ ಬಟ್ಟೆ ಹಾಕಿದವರೇ ಎಲ್ಲ. ಪಾಸ್ಟರು ಶವಪೆಟ್ಟಿಗೆಯ ತಲೆಯ ಹತ್ತಿರ ನಿಂತು ಪುಸ್ತಕ ತೆರೆದರು. "ನಮ್ಮ ಈ ಪ್ರಿಯ ಸಹೋದರಿ ಸಂತೋಷದಿಂದ ನಿತ್ಯಜೀವಕ್ಕೆ ಕಾದು ಕರ್ತನಲ್ಲಿ ನಿದ್ರೆಹೋದರು," ಎಂದರು. ಬೇಗ ಬೇಗ ಓದಿದರು. ತಕ್ಕಡಿ ಮೊದಲ ಸಾಲಿನಲ್ಲಿ ಕೋಲೆ ಬಸವನ ಹಾಗೆ ತಲೆಯಾಡಿಸಿದರು.

ನಾನು ಎದ್ದು ನಿಂತೆ. ಗಂಡ ಮೊಣಕೈ ಹಿಡಿದು ಎಳೆದ. ಕೊಡವಿಕೊಂಡೆ.

"ಅಯ್ಯನವರೇ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಈ ಮಾತನ್ನ ಅತ್ತೆ ಪರವಾಗಿ ಇವತ್ತು ನೀವೇ ಹೇಳಿದ್ರಲ್ಲ? ಹಾಗೆ ಹೇಳ್ಬಹುದು ಅನ್ನೋದಾದ್ರೆ ಗುರುವಾರಾನೇ ಹೇಳಿ, ಆ ಒಂದು ಚೂರು ರೊಟ್ಟಿ ಅವರ ಬಾಯಿಗಿಡೋಕೆ ನಿಮಗೇನಾಗಿತ್ತು?"

ಕೂತ್ಕೋಮ್ಮಾ ಎಂದು ತಕ್ಕಡಿ ಗದರಿದರು. ನಾನು ಕೂರಲಿಲ್ಲ. ಪಾಸ್ಟರು ಪುಸ್ತಕ ಮುಚ್ಚಿದರು. ಉತ್ತರ ಬರಲಿ ಎಂದು ನಾನು ನಿಂತೇ ಇದ್ದೆ.