ಗಾಡಿಯಲ್ಲಿ ನಾನೂ ಇದ್ದೆ

ನನ್ನ ತಮ್ಮ ಕುಡಿದಿದ್ದಾನೆಂದು ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಕೋರ್ಟಿನಲ್ಲೂ ನಾನು ಮೊದಲು ಹೇಳಿದ್ದು ಇದನ್ನೇ.

ಏಳು ವರ್ಷಗಳ ಹಿಂದಿನ ಮಾತು. ಲಕ್ಷ್ಮೇಶ್ವರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ನಿಶ್ಚಯವಿತ್ತು. ನಾನು ಗಂಡನ ಮನೆ ಮುಂಡರಗಿಯಿಂದ ಹಿಂದಿನ ದಿನವೇ ತವರೂರು ಬೆಳ್ಳಟ್ಟಿಗೆ ಬಂದಿದ್ದೆ. ತಮ್ಮನಿಗೆ ಒಂದು ಸಣ್ಣ ಗೂಡ್ಸ್ ಗಾಡಿ ಇತ್ತು. ಶೇಂಗಾ, ಉಳ್ಳಾಗಡ್ಡಿ, ಯಾರದಾದರೂ ಮನೆ ಸಾಮಾನು, ಏನು ಸಿಕ್ಕರೂ ಹೇರಿಕೊಂಡು ಓಡಾಡುತ್ತಿದ್ದ. ನನಗಿಂತ ಎಂಟು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದವನು. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಹೇರಿದ ಮಾಲು ಅಲ್ಲೇ ಇಳಿಸಿ ಗಾಡಿ ತರುತ್ತಿದ್ದ. ಅವನನ್ನು ಕುಡುಕ ಎಂದವರು ಊರಲ್ಲಿ ಒಬ್ಬರೂ ಇರಲಿಲ್ಲ. ಕಾರ್ಯಗಳಲ್ಲಿ, ಬೀಗರೋ ಗೆಳೆಯರೋ ಕರೆದರೆ ಹೋಗುತ್ತಿದ್ದ, ಅಷ್ಟೆ. ನಮ್ಮ ಕಡೆ ಅದನ್ನು ಕುಡಿತ ಎಂದು ಯಾರೂ ಅನ್ನುವುದಿಲ್ಲ.

ಊಟದ ಹೊತ್ತಿಗೆ ಗಂಡಸರೆಲ್ಲ ಮನೆಯ ಹಿಂದಿನ ಗೋದಾಮಿನ ಕಡೆ ಮಾಯವಾದರು. ಹೆಂಗಸರು ನಾವು ಕಂಡೂ ಕಾಣದವರಂತೆ ಹುಗ್ಗಿ ಬಡಿಸುತ್ತಿದ್ದೆವು. ಮೂರು ಗಂಟೆಗೆ ತಮ್ಮ ಬಂದ. ಅಡುಗೆಗೆಂದು ಬೆಳ್ಳಟ್ಟಿಯಿಂದ ತಂದಿದ್ದ ದೊಡ್ಡ ಬೋಗೋಣಿ, ಕೊಳಗಗಳನ್ನು ವಾಪಸು ಮುಟ್ಟಿಸಬೇಕಿತ್ತು. ಅವ್ವ ಆ ರಾತ್ರಿ ಲಕ್ಷ್ಮೇಶ್ವರದಲ್ಲೇ ಉಳಿಯುವವಳು. ನಾನು ತಮ್ಮನ ಪಕ್ಕ ಹತ್ತಿ ಕುಳಿತೆ. ಬಾಗಿಲು ಹಾಕಿಕೊಳ್ಳುವಾಗಲೇ ವಾಸನೆ ಹೊಡೆಯಿತು.

“ಕುಡದೀಯೇನೋ?”

“ಎರಡ ಗುಟುಕು ಅಕ್ಕಾ. ನಂಗೇನ್ ಆಗಾಂಗಿಲ್ಲ.”

ಬೀಗರು ಕಟ್ಟೆಯ ಮೇಲೆ ನಿಂತು ಕೈಬೀಸುತ್ತಿದ್ದರು. ಅವರ ಎದುರಿಗೆ ಇಳಿದು ಜಗಳ ತೆಗೆಯುವುದು ಹೇಗೆ ಎಂದುಕೊಂಡೆ. ಬಸ್ ಸ್ಟ್ಯಾಂಡು ಅಲ್ಲಿಂದ ಐದು ನಿಮಿಷದ ದಾರಿ. ನಾನು ಸೆರಗು ಹೊದ್ದುಕೊಂಡು ಸುಮ್ಮನೆ ಕುಳಿತೆ.

ಶಿರಹಟ್ಟಿ ಇನ್ನೂ ಸ್ವಲ್ಪ ದೂರವಿರುವಾಗ ಮುಂದೆ ಹೊಟ್ಟು ಹೇರಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಎದುರಿಗೆ ತಿರುವು. “ತಡೀ,” ಅಂದೆ. ಅವನು ತಡೆಯಲಿಲ್ಲ. ಟ್ರ್ಯಾಕ್ಟರನ್ನು ದಾಟಲು ಬಲಕ್ಕೆ ಹೋದ ಕೂಡಲೇ ಎದುರಿನಿಂದ ಗಂಡ ಹೆಂಡತಿ ಕುಳಿತಿದ್ದ ಮೋಟರ್ ಸೈಕಲ್ ಬಂತು. ಆ ಹೆಂಗಸಿನ ಹಸಿರು ಸೀರೆ ಕಂಡಿತು. ಆಮೇಲೆ ಹಿಂದಿನ ಬೋಗೋಣಿಗಳೆಲ್ಲ ಉರುಳಿದ ಸದ್ದು.

ನಾನು ಇಳಿಯುವಷ್ಟರಲ್ಲಿ ತಮ್ಮ ಅತ್ತ ಕಡೆಯಿಂದ ಹಾರಿ ಜೋಳದ ಹೊಲದೊಳಗೆ ಓಡಿಹೋಗಿದ್ದ. ಹೊಟ್ಟಿನ ಧೂಳಿನಲ್ಲಿ ಟ್ರ್ಯಾಕ್ಟರಿನವನಿಗೆ ಅವನ ಮುಖ ಕಾಣಿಸಲಿಲ್ಲ.

ಮೋಟರ್ ಸೈಕಲ್ಲಿನವನು ಮನೆ ಕಟ್ಟುವ ಗೌಂಡಿ ಕೆಲಸದವನೆಂದು ಆಮೇಲೆ ತಿಳಿಯಿತು. ಅವನು ರಸ್ತೆಯಲ್ಲೇ ತೀರಿಕೊಂಡಿದ್ದ. ಹೆಂಡತಿಗೆ ಉಸಿರಿತ್ತು, ತೊಡೆಯ ಎಲುಬು ಮುರಿದಿತ್ತು. ಯಾರೋ ಜೀಪು ನಿಲ್ಲಿಸಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗದಗದವರೆಗೆ ಕುಳಿತೆ. ದಾರಿಯುದ್ದಕ್ಕೂ ಅವಳದು ಒಂದೇ ಮಾತು.

“ನಮ್ಮನಿಯವರು ಎಲ್ಲಿ ಅದಾರ್ರಿ?”

“ಹಿಂದ ಬರಾಕತ್ತಾರವ್ವಾ. ಇನ್ನೊಂದ ಗಾಡ್ಯಾಗ.”

ಹತ್ತು ಸಲ ಕೇಳಿದಳು. ಹತ್ತು ಸಲವೂ ಹಾಗೇ ಹೇಳಿದೆ.

ಮರುದಿನ ಬೆಳಿಗ್ಗೆ, ಪೊಲೀಸರು ನನ್ನ ಹೇಳಿಕೆ ತೆಗೆದುಕೊಳ್ಳುವ ಮೊದಲೇ, ನಮ್ಮ ಸೋದರಮಾವ ಆಸ್ಪತ್ರೆಗೇ ಬಂದು ನನ್ನನ್ನು ಬೆಳ್ಳಟ್ಟಿಗೆ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಅವ್ವ ಕುಳಿತಿದ್ದಳು. ಮುಂಡರಗಿಯಿಂದ ನನ್ನ ಯಜಮಾನರೂ ಬಂದಿದ್ದರು. ಮಾವ ಬಾಗಿಲು ಮುಚ್ಚಿ ಮಾತು ತೆಗೆದರು.

“ಎಲ್ಲಾ ಬರೋಬ್ಬರಿ ಮಾಡೇನಿ. ನಮ್ಮೂರ ಹಳೇ ಡ್ರೈವರ್ ಅದಾನಲ್ಲ, ಹನಿ ಮುಟ್ಟದ ಮನುಷ್ಯಾ, ಅಂವ ‘ನಾನ ಗಾಡಿ ಹೊಡಿತಿದ್ದೆ’ ಅಂತ ಹೇಳತಾನ. ಕುಡಿದ ಮಾತ ಬರಾಂಗಿಲ್ಲ. ನೀ ಹೌದು ಅಂದ್ರ ಆತು. ಗಾಡ್ಯಾಗ ಇದ್ದಾಕಿ ನೀ ಒಬ್ಬಾಕೀನ.”

“ನಂಗ ಹಂಗ ಹೇಳಾಕ ಆಗಾಂಗಿಲ್ಲ ಮಾಮಾ.”

ಅವ್ವ ನನ್ನ ಕೈ ಹಿಡಿದುಕೊಂಡಳು. “ಅಂವ ನಿನ್ನ ತಮ್ಮ ಅಲ್ಲೇನ ಯವ್ವಾ?”

“ತಮ್ಮನ. ಅದಕ್ಕ ಮೊದಲ ಅವನ ಹಂತೇಕ ಹೋಗ್ತೀನಿ.”

ತಮ್ಮ ಊರಾಚೆ ನಮ್ಮ ಹೊಲದ ಮನೆಯಲ್ಲಿ ಅಡಗಿಕೊಂಡಿದ್ದ. ಜೋಳದ ಗರಿ ತಾಗಿ ಮುಖವೆಲ್ಲ ಗೀರುಗಳು. ನನ್ನನ್ನು ಕಂಡು ಅಳತೊಡಗಿದ. ನನಗೂ ಅಳು ಬಂತು, ಆದರೆ ಅತ್ತರೆ ಮಾತು ನಿಂತುಹೋಗುತ್ತದೆ ಎಂದು ತಡೆದುಕೊಂಡೆ.

“ನಾಳೆ ಮುಂಜಾನಿ ನನ್ನ ಕೂಡ ಠಾಣೇಕ ಬಾ.”

“ಜೈಲಿಗೆ ಹಾಕ್ತಾರಕ್ಕಾ.”

“ಹಾಕ್ತಾರ. ನೀ ಬರದಿದ್ರ ನಾ ಒಬ್ಬಾಕೀನ ಹೋಗ್ತೀನಿ. ಹೋಗಿ, ನೀ ಕುಡದಿದ್ದಿ ಅಂತ ಹೇಳ್ತೀನಿ. ಗೊತ್ತಿದ್ದೂ ಕುಂತೆ ಅಂತ ನನ್ನ ತಪ್ಪೂ ಹೇಳ್ತೀನಿ.”

ಅವನು ಬರಲಿಲ್ಲ. ನಾನು ಯಜಮಾನರ ಜೊತೆ ಹೋದೆ. ಅವರು ದಾರಿಯಲ್ಲಿ ಒಂದೇ ಮಾತು ಕೇಳಿದ್ದು, “ತವರಿಗೆ ಇನ್ನ ಹೋಗಾಕ ಆಗಾಂಗಿಲ್ಲ, ತಿಳೀತಲ್ಲ?” ತಿಳಿದಿದೆ ಎಂದೆ. ಠಾಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ. ಅದೇ ಸಂಜೆ ತಮ್ಮ ತಾನಾಗಿ ಬಂದು ಒಪ್ಪಿಸಿಕೊಂಡ.

ಆಮೇಲಿನ ಮೂರು ವರ್ಷ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಪಂಚಮಿಗೆ ಕರೆಯಲಿಲ್ಲ, ದೀಪಾವಳಿಗೆ ಕರೆಯಲಿಲ್ಲ. ತಮ್ಮನ ಹೆಂಡತಿ ಮಗುವನ್ನು ಕಟ್ಟಿಕೊಂಡು ತನ್ನ ತವರಿಗೆ ಹೋದಳು. ಸಂಬಂಧಿಕರ ಮನೆಗಳಲ್ಲಿ ನಾನು ಹೋಗಿ ಕುಳಿತರೆ ಪಕ್ಕದವರು ಎದ್ದು ಒಳಗೆ ಹೋಗುತ್ತಿದ್ದರು. ಹಿಟ್ಟಿನ ಗಿರಣಿಯಲ್ಲಿ ಸರದಿ ನಿಂತಾಗ, ಬಟ್ಟೆ ಹೊಲಿಯುವಾಗ, ನಾನು ಮಾಡಿದ್ದು ತಪ್ಪೇನೋ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನಿಸಿದಾಗಲೆಲ್ಲ ಹಳೇ ಡ್ರೈವರನ ಹೆಂಡತಿ ನೆನಪಾಗುತ್ತಿದ್ದಳು. ನಾನು ಹೌದು ಅಂದಿದ್ದರೆ ಆ ಮನೆಯಲ್ಲೂ ಒಂದು ಒಲೆ ಆರುತ್ತಿತ್ತು.

ಸಾಕ್ಷಿ ಹೇಳಲು ಹೋದ ದಿನ ಕೋರ್ಟಿನ ಜಗಲಿಯ ಮೇಲೆ ಆ ಗೌಂಡಿಯ ಹೆಂಡತಿ ಕುಳಿತಿದ್ದಳು. ಪಕ್ಕದಲ್ಲಿ ಊರುಗೋಲು. ನಾನು ಮುಖ ತಪ್ಪಿಸಿ ಹೋಗಬಹುದಿತ್ತು. ಹೋಗಲಿಲ್ಲ, ಅವಳ ಮುಂದೆ ನಿಂತೆ. ಸ್ವಲ್ಪ ಹೊತ್ತು ನೋಡಿ ಗುರುತು ಹಿಡಿದಳು.

“ಅವತ್ತ ನೀವು ಹಿಂದ ಬರಾಕತ್ತಾರ ಅಂದಿದ್ರಿ.”

“ಹೌದ್ರಿ. ಸುಳ್ಳ ಹೇಳಿದ್ದೆ.”

“ಇವತ್ತ ಹೇಳಬ್ಯಾಡ್ರಿ.”

“ಇಲ್ರಿ.”

ಅಷ್ಟೇ ಮಾತು. ಒಳಗೆ ಹೋಗಿ ನಾನು ನೋಡಿದ್ದು, ನನಗೆ ಗೊತ್ತಿದ್ದದ್ದು, ನಾನು ಸುಮ್ಮನೆ ಕುಳಿತದ್ದು ಎಲ್ಲ ಹೇಳಿದೆ. ಕಟಕಟೆಯಲ್ಲಿ ತಮ್ಮ ತಲೆ ತಗ್ಗಿಸಿಕೊಂಡೇ ಇದ್ದ. ಅವನಿಗೆ ಎರಡು ವರ್ಷದ ಶಿಕ್ಷೆಯಾಯಿತು.

ಬಿಡುಗಡೆಯಾದ ಮೇಲೆ ಅವನು ಮೊದಲು ಬಂದದ್ದು ಮುಂಡರಗಿಗೆ, ನನ್ನ ಮನೆಗೆ. ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಎರಡು ರೊಟ್ಟಿ ತಿಂದ. ಆಮೇಲೆ ಹೇಳಿದ: “ಅಕ್ಕಾ, ನೀ ಮಾಡಿದ್ದು ಸರಿ ಅಂತ ನನ್ನ ಬಾಯಿಲೆ ಹೇಳಾಕ ಆಗಾಂಗಿಲ್ಲ. ಆದ್ರ ನನ್ನ ಬದಲಿ ಆ ಮುದುಕ ಡ್ರೈವರ್ ಒಳಗ ಕುಂತಿದ್ರ ನಂಗ ಅನ್ನ ಸೇರ್ತಿದ್ದಿಲ್ಲ.” ಈಗ ಲಕ್ಷ್ಮೇಶ್ವರದಲ್ಲಿ ಬೇಳೆ ಮಿಲ್ಲಿನಲ್ಲಿ ದುಡಿಯುತ್ತಾನೆ. ಬಸ್ಸಿನಲ್ಲಿ ಓಡಾಡುತ್ತಾನೆ. ಹೆಂಡತಿ ಮಗು ಮರಳಿ ಬಂದಿದ್ದಾರೆ. ಅವ್ವ ಈಗ ಮತ್ತೆ ಫೋನಿನಲ್ಲಿ ಮಳೆ, ಬೆಳೆ, ಮೊಣಕಾಲಿನ ನೋವಿನ ಬಗ್ಗೆ ಮಾತಾಡುತ್ತಾಳೆ. ಆ ದಿನದ ಸುದ್ದಿ ಮಾತ್ರ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ.

ನಾನು ಬೇರೆ ಒಂದು ಕೆಲಸ ಹಿಡಿದಿದ್ದೇನೆ. ಸಂಬಂಧಿಕರಲ್ಲಿ ಯಾವ ಕಾರ್ಯವಿದ್ದರೂ ಗಾಡಿ ನಿಲ್ಲಿಸಿದ ಕಡೆ ಹೋಗಿ ನಿಲ್ಲುತ್ತೇನೆ. ಹೊರಡುವವರ ಹತ್ತಿರ ಹೋಗಿ ಮಾತಾಡಿಸುತ್ತೇನೆ. ವಾಸನೆ ಬಂದರೆ ಕೀಲಿ ಕೇಳುತ್ತೇನೆ. ಬೈದವರಿದ್ದಾರೆ, ಕರೆಯುವುದನ್ನೇ ಬಿಟ್ಟವರಿದ್ದಾರೆ.

ಕಳೆದ ಶ್ರಾವಣದಲ್ಲಿ ಬೆಟಗೇರಿಯಲ್ಲಿ ಒಂದು ಗೃಹಪ್ರವೇಶ. ಆ ಮನೆಯ ಅಳಿಯ ಮಧ್ಯಾಹ್ನ ಹೆಂಡತಿ ಮತ್ತು ಎರಡು ಮಕ್ಕಳನ್ನು ಕರೆದುಕೊಂಡು ಕಾರಿನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. ಅಳಿಯನ ಮುಂದೆ ನಮ್ಮಲ್ಲಿ ಮನೆಯ ಯಜಮಾನನೂ ದನಿ ಎತ್ತುವುದಿಲ್ಲ.

“ಕೀಲಿ ಕೊಡ್ರಿ ಅಳಿಯಂದ್ರ.”

“ಯಾಕ್ರಿ?”

“ಕುಡದೀರಿ.”

“ಭಾಳ ಇಲ್ರಿ, ಸ್ವಲ್ಪ...”

“ಎಷ್ಟು ಅಂತ ನಾ ಕೇಳಿಲ್ರಿ.”

ಜನ ಸೇರಿದರು. ಅವನ ಅತ್ತೆ ಮಾವ ಓಡಿ ಬಂದರು. ನನ್ನನ್ನು ಸರಿಸಲು ಯಾರೋ ತೋಳು ಹಿಡಿದರು. ನಾನು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆಗ ಆ ಹುಡುಗಿ, ಅವನ ಹೆಂಡತಿ, ಕಾರಿನ ಆ ಕಡೆಯಿಂದ ನನಗೆ ಹೇಳಿದಳು: “ಅತ್ತಿ, ನೀವು ಕೀಲಿ ಇಸ್ಕೊಂಡ್ರೂ ಇಸ್ಕೋರಿ, ಬಿಟ್ರೂ ಬಿಡ್ರಿ. ನಾ ಮಕ್ಕಳನ್ನ ಕರ್ಕೊಂಡು ಬಸ್ಸಿಗೆ ಹೊಂಟೆ.” ಹೇಳಿದವಳೇ ಚಿಕ್ಕದನ್ನು ಕಂಕುಳಿಗೆ ಏರಿಸಿ, ದೊಡ್ಡದರ ಕೈ ಹಿಡಿದು ನಡೆದಳು. ಅವನು ಅವಳ ಬೆನ್ನನ್ನೇ ನೋಡುತ್ತ ನಿಂತ. ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ, ಕಾರಿನ ಮೇಲೆ ಕುಕ್ಕಿ ಅವಳ ಹಿಂದೆ ಹೋದ. ಮರುದಿನ ಬಂದು ಕಾರು ಒಯ್ದನಂತೆ.

ಮುಂದಿನ ತಿಂಗಳು ಮುಂಡರಗಿಯಲ್ಲೇ ಒಂದು ಮದುವೆ ಇದೆ. ಹುಡುಗನ ಕಡೆಯವರು ನಾಗಾವಿಯಿಂದ ನಾಲ್ಕು ಗಾಡಿ ಮಾಡಿಕೊಂಡು ಬರುತ್ತಾರಂತೆ. ನಾಲ್ಕೂ ಗಾಡಿಯ ಡ್ರೈವರುಗಳಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿ, ನನ್ನ ಕಣ್ಣೆದುರಿಗೆ ಕೂರಿಸಬೇಕೆಂದು ಹುಡುಗಿಯ ತಾಯಿಗೆ ಹೇಳಿ ಬಂದಿದ್ದೇನೆ. ಆಕೆ ಒಪ್ಪಿದ್ದಾಳೆ.