ಕೆಂಪು ಬೂಟಿನವನ ಮುಂದೆ ನುಡಿದ ಸಾಕ್ಷಿ

ಅವರ ಕರಿ ಕೋಟಿನ ಬಲ ಮೊಣಕೈ ಮಾತ್ರ ಸವೆಯುತ್ತಿತ್ತು. ಎಡತೋಳು ದರ್ಜಿ ಹೊಲಿದುಕೊಟ್ಟ ದಿನ ಹೇಗಿತ್ತೋ ಹಾಗೇ ಇರುತ್ತಿತ್ತು. ಬಲಮೊಣಕೈಗೆ ಮಾತ್ರ ಒಂದು ತೇಪೆ, ತೇಪೆಯ ಮೇಲೆ ಇನ್ನೊಂದು ತೇಪೆ. ಕಕ್ಷಿದಾರ ಬಾಯಿ ತೆರೆದನೆಂದರೆ ಅವರು ಆ ಮೊಣಕೈಯನ್ನು ಮೇಜಿಗೆ ಊರಿ, ಗದ್ದವನ್ನು ಅಂಗೈಯಲ್ಲಿಟ್ಟುಕೊಂಡು, ಅವನು ತನ್ನ ಅಜ್ಜನ ಕಾಲದಿಂದ ಶುರುಮಾಡಿ ಇವತ್ತಿನ ಬಸ್ಸು ತಪ್ಪಿದ್ದರ ತನಕ ಹೇಳಿ ಮುಗಿಸುವವರೆಗೂ ಅಲುಗಾಡುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಜನರ ಮಾತು ಕೇಳಿದ್ದಕ್ಕೆ ಅವರ ಬಳಿ ಉಳಿದಿದ್ದ ಪುರಾವೆ ಆ ತೇಪೆ.

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಕಚೇರಿ. ಊರು ಅವರನ್ನು ಸಾಹೇಬರು ಎನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತಿದ್ದೆ. ಮನೆಯಲ್ಲಿ ಹೆಂಡತಿಯ ಜೊತೆ ಉರ್ದು, ಹೊರಗೆ ನಮ್ಮದೇ ಗಂಡುಗನ್ನಡ, ಕೋರ್ಟಿನಲ್ಲಿ ಎದುರಿನ ವಕೀಲರೂ ನಿಂತು ಕೇಳುವಂಥ ಇಂಗ್ಲಿಷು. ಎಂಬತ್ತರ ದಶಕದ ಆರಂಭದಲ್ಲಿ, ವಕೀಲಿ ಸನ್ನದು ಪಡೆದ ಮರುತಿಂಗಳೇ ನಾನು ಅವರ ಕೈಕೆಳಗೆ ಸೇರಿದೆ. ಬ್ಯಾಡಗಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದೆ. ನಮ್ಮ ಮನೆ ಮೆಣಸಿನಕಾಯಿ ಪೇಟೆಯ ಬೆನ್ನಿಗೇ ಇತ್ತು. ಎಷ್ಟು ಒಗೆದರೂ ಅಂಗಿಯಿಂದ ಘಾಟು ಹೋಗುತ್ತಿರಲಿಲ್ಲ. ನಾನು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಸಾಹೇಬರ ಸೀನು ಕೇಳಿಸುತ್ತಿತ್ತು, ಹಿಂದೆಯೇ ಮಾತು: "ಬ್ಯಾಡಗಿ ಬಂತು ನೋಡ್ರಿ. ಬಾರಪಾ."

ಅವರ ಹತ್ತಿರ ಎರಡು ನಿಯಮಗಳಿದ್ದವು. ಮೊದಲನೆಯದು, ಯಾವ ಕೇಸನ್ನಾದರೂ ಮೊದಲು ನಮ್ಮ ಕಚೇರಿಯಲ್ಲೇ ಸೋಲಬೇಕು. ನಾನು ಎದುರು ಪಕ್ಷದ ಪರವಾಗಿ ನಿಂತು ವಾದಿಸಬೇಕು, ಅವರು ಕಕ್ಷಿದಾರನ ಕುರ್ಚಿಯಲ್ಲಿ ಕುಳಿತು ಕೇಳಬೇಕು. "ಜೋರ್ ಮಾಡಿ ಬಡೀಲೇ, ಅಳಕಬ್ಯಾಡ. ಇಲ್ಲಿ ಸೋತ್ರ ಪುಗಸಟ್ಟೆ" ಎನ್ನುತ್ತಿದ್ದರು. ಎರಡನೆಯದು, ಯಾವ ಕಾಗದ ಕಳಿಸಿದರೂ ರಜಿಸ್ಟರ್ ಮಾಡಿಯೇ ಕಳಿಸಬೇಕು, ಸ್ವೀಕೃತಿ ಚೀಟಿ ತಿರುಗಿ ಬರುವ ತನಕ ಆ ಕೆಲಸ ಮುಗಿಯಿತು ಎನ್ನಬಾರದು. ಅಂಚೆಯವನು ತರುತ್ತಿದ್ದ ಆ ಪುಟ್ಟ ಕಾರ್ಡಿನ ಮೇಲಿನ ಗೀಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಯಾರ ಸಹೀನೋ ತಿಳೀವಲ್ದು. ಆದ್ರ ಯಾರೋ ಒಬ್ಬಾಂವ ಕೈಯಾಗ ಹಿಡದಾನ. ಅಷ್ಟು ಸಾಕು."

ಮೇಡ್ಲೇರಿಯ ರೈತನೊಬ್ಬನ ಜಮೀನಿನ ಮೇಲ್ಮನವಿಗಾಗಿ ನಾವಿಬ್ಬರೂ ಬೆಂಗಳೂರಿನ ಹೈಕೋರ್ಟಿಗೆ ಹೋಗಿದ್ದೆವು. ಎದುರಿನ ದೊಡ್ಡ ವಕೀಲರು ವಾದ ಮುಗಿಸಿ ಕುಳಿತರು. ಸಾಹೇಬರು ಎದ್ದವರೇ, ನಮಗೆ ವಿರುದ್ಧವಾದ ಒಂದು ಹಳೆಯ ತೀರ್ಪನ್ನು ಎದುರಿನವರು ಮರೆತಿದ್ದಾರೆ, ಅದನ್ನು ತೋರಿಸುವುದು ತನ್ನ ಕರ್ತವ್ಯ ಎಂದು ಪುಸ್ತಕ ಬಿಚ್ಚಿದರು. ಹಿಂದಿನ ಬೆಂಚಿನಿಂದ ರೈತ ನನ್ನ ಕೋಟು ಜಗ್ಗಿದ.

"ತಮ್ಮಾರ, ನಮ್ಮ ವಕೀಲ್ರು ಯಾರ ಕಡಿಯವ್ರು?"

"ಸುಮ್ಕಿರೋ ಮಾರಾಯಾ" ಎಂದೆ, ನನಗೂ ಅದೇ ಅನುಮಾನ ಇದ್ದದ್ದರಿಂದ.

ಆಮೇಲೆ ಅರ್ಧ ತಾಸು ಆ ತೀರ್ಪು ಈ ಕೇಸಿಗೆ ಯಾಕೆ ಹೊಂದುವುದಿಲ್ಲ ಎಂದು ಎಳೆ ಎಳೆಯಾಗಿ ಬಿಡಿಸಿಟ್ಟರು. ಗೆದ್ದೆವು. ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಇದ್ದರು. ಅವರು ಪೆನ್ನು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ಗೋಪ್ಯ ಎಂದು ಬರೆದ ಲಕೋಟೆ ಬಂತು. ನಿಮ್ಮ ಹೆಸರನ್ನು ಹೈಕೋರ್ಟಿನ ನ್ಯಾಯಮೂರ್ತಿ ಹುದ್ದೆಗೆ ಶಿಫಾರಸು ಮಾಡಬಹುದೇ, ಒಪ್ಪಿಗೆ ತಿಳಿಸಿ. ಮುಖ್ಯ ನ್ಯಾಯಮೂರ್ತಿಗಳು ಬರೆಯಬೇಕು, ರಾಜ್ಯ ಸರ್ಕಾರ ಒಪ್ಪಬೇಕು, ದಿಲ್ಲಿಗೆ ಹೋಗಬೇಕು, ಕೊನೆಗೆ ರಾಷ್ಟ್ರಪತಿಗಳ ಸಹಿ ಬೀಳಬೇಕು. ತಾಲೂಕು ಕೋರ್ಟಿನ ವಕೀಲನೊಬ್ಬನಿಗೆ ಇಂಥ ಕಾಗದ ಬಂದದ್ದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಅವರ ಸ್ವವಿವರವನ್ನು ಟೈಪು ಮಾಡಿದವನು ನಾನೇ. ಟೈಪಿನ ತಪ್ಪಾಗಿ ಏಳು ಹಾಳೆ ಹರಿದು ಹಾಕಿದೆ. ರಜಿಸ್ಟರ್ ಮಾಡಿದೆ. ಸ್ವೀಕೃತಿ ಬಂತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕು, ಹೆಂಡತಿಗೆ ತೋರಿಸಲು ಒಳಗೆ ಒಯ್ದರು.

ಮರುದಿನದಿಂದ ಹೊಸ ವಕಾಲತ್ತುಗಳಿಗೆ ಸಹಿ ಹಾಕುವುದನ್ನು ನಿಲ್ಲಿಸಿಬಿಟ್ಟರು. ಹಾಗೆ ಮಾಡಬೇಕೆಂದು ಯಾವ ಕಾಯಿದೆಯೂ ಇರಲಿಲ್ಲ.

"ಯಾಕ್ರಿ ಸಾಹೇಬ್ರ? ಸಹಿ ಆಗೂತನಾ ಕೇಸು ನಡಸ್ರಲಾ" ಎಂದೆ.

"ನಾಳೆ ಅಲ್ಲಿ ಕುಂದ್ರಾಂವ ಇವತ್ತು ಇಲ್ಲಿ ಒಬ್ಬಾತನ ಪಕ್ಷಾ ಹಿಡೀಬಾರ್ದಪಾ. ಬಂದವ್ರನ್ನ ನೀ ನೋಡ್ಕೋ."

ಬಂದವರನ್ನು ನಾನು ನೋಡಿಕೊಂಡೆ. ಹಾವೇರಿ ಕೋರ್ಟಿನ ಚಹಾದಂಗಡಿಗೆ ಹೋಗುವುದನ್ನೂ ಅವರು ಬಿಟ್ಟರು, ಅಲ್ಲಿ ಹತ್ತು ತರಹದ ಜನ ಕೂಡುತ್ತಾರೆಂದು. ಊರು ಮಾತ್ರ ಕಾಯಲಿಲ್ಲ. ಆಗಲೇ ಜಡ್ಜ್ ಸಾಹೇಬರು ಎಂದು ಕರೆಯತೊಡಗಿತು. ಅವರು ಬೇಡವೆಂದು ಕೈಯಾಡಿಸುತ್ತಿದ್ದರು, ಆದರೆ ಕಿವಿ ಕೆಂಪಗಾಗುತ್ತಿತ್ತು.

ಆ ಬೇಸಗೆಯ ಒಂದು ಶುಕ್ರವಾರ ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋಗಿದ್ದಾಗ ಒಬ್ಬ ಅಪರಿಚಿತ ಬಂದ. ಅರ್ಧತೋಳಿನ ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಬ್ಯಾಗು, ಕಿಸೆಯಲ್ಲಿ ಚಿಕ್ಕ ಡೈರಿ. ಕಾಲಲ್ಲಿ ಹೊಳೆಯುವ ಕೆಂಪು ಬೂಟು. ಕೇಳದೆಯೇ ಕುಳಿತ.

ಇಲ್ಲಿ ನಮ್ಮ ಬ್ಯಾಡಗಿಯ ಒಂದು ರೂಢಿ ಹೇಳಬೇಕು. ನನ್ನಪ್ಪ ಪೇಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಬ್ಯಾಗು ಹಿಡಿದ ಅಪರಿಚಿತ ಯಾರೇ ಬರಲಿ, ವ್ಯಾಪಾರ ಹೇಗಿದೆ ಎಂದು ಕೇಳಿದನೋ, ಅವನು ತೆರಿಗೆಯವನೇ ಎಂದು ಪೇಟೆ ಹಿಡಿದುಕೊಳ್ಳುತ್ತಿತ್ತು. ಅಂಗಳದಲ್ಲಿ ಆಳೆತ್ತರ ಕಾಯಿ ರಾಶಿ ಬಿದ್ದು, ಹಮಾಲರು ಬೆವರಿಳಿಸುತ್ತಿದ್ದರೂ ಉತ್ತರ ಒಂದೇ: "ಧಂಧೆ ಎಲ್ಲೈತ್ರಿ? ಸುಮ್ನ ಬಾಗಲಾ ತಗದು ಕುಂತೇವಿ." ನಾನು ಅಕ್ಷರ ಕಲಿಯುವ ಮೊದಲು ಕಲಿತ ಪಾಠ ಅದು. ಮೇಲಾಗಿ ನಾನು ಹುಟ್ಟಾ ಪುಕ್ಕಲ. ಬಾಗಿಲು ಬಡಿದರೆ ಜಪ್ತಿ, ತಾರು ಬಂದರೆ ಸಾವು ಎಂದೇ ತಿಳಿಯುವವನು.

"ವಕೀಲ್ರ ಪ್ರಾಕ್ಟೀಸ್ ಹ್ಯಾಂಗೈತ್ರಿ?" ಎಂದ.

"ಪ್ರಾಕ್ಟೀಸ್ ಎಲ್ಲೈತ್ರಿ? ಸುಮ್ನ ಬಾಗಲಾ ತಗದು ಕುಂತೇವಿ."

"ಭಾಳ ಮಂದಿ ಬರ್ತಾರಂತ ಕೇಳಿದ್ದೆ?"

"ಯಾರ್ರೀ ಹೇಳಿದವ್ರು? ಬಂದವ್ರು ಚಾ ಕುಡದು ಹೋಗ್ತಾರ್ರಿ."

"ಹೈಕೋರ್ಟಿನ ಕೆಲಸಾ?"

"ಅಪರೂಪ್ರೀ. ಒಂದೋ ಎರಡೋ. ಅದೂ ಯಾರೂ ತಗೊಳ್ಳಲಾರದ್ದು."

ಅವನು ಡೈರಿಯಲ್ಲಿ ಬರೆದುಕೊಂಡ. ನಾನು ತರಿಸಿದ ಚಹಾ ಕುಡಿದ, ಉಪಕಾರವಾಯಿತು ಎಂದು ಹೇಳಿ ಹೋದ. ಸಾಹೇಬರನ್ನು ಆದಾಯ ತೆರಿಗೆಯವರಿಂದ ಪಾರುಮಾಡಿದ ಹೆಮ್ಮೆಯಲ್ಲಿ ನಾನು ಫ್ಯಾನು ಒಂದು ನಂಬರು ಜೋರು ಮಾಡಿಕೊಂಡು ಕುಳಿತೆ.

ಅವರು ನಮಾಜು ಮುಗಿಸಿ ಬಂದಾಗ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವರು ಟೋಪಿ ತೆಗೆದು ಮಡಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

"ಕಾಲಾಗ ಏನಿತ್ತು?"

"ಬೂಟ್ರೀ."

"ಬಣ್ಣಾ?"

"ಕೆಂಪು."

ಟೋಪಿಯನ್ನು ಪೂರ್ತಿ ಮಡಚಿ ಕಿಸೆಗಿಟ್ಟುಕೊಂಡರು. "ತಮ್ಮಾ, ಟ್ಯಾಕ್ಸಿನವ್ರು ಚಪ್ಪಲಿ ಮೆಟ್ಟಿ ಬರ್ತಾರ. ಕೆಂಪು ಬೂಟಿಗೆ ಅಷ್ಟು ಪಾಲಿಶ್ ಹೊಡಿಯೋದು ಪೊಲೀಸ್ರು. ಮಫ್ತಿಯಾಗ ಬಂದ್ರೂ ಕಾಲು ಬದಲಾಗಂಗಿಲ್ಲ. ಜಡ್ಜ್ ಮಾಡೂ ಮೊದ್ಲು ಹಿಂಗ ವಿಚಾರಿಸ್ತಾರ. ಅಂವ ನನ್ನ ಹೆಸರಿನ ಚೌಕಶಿಗೆ ಬಂದಾಂವ."

ಕಾಯಿದೆ ಪುಸ್ತಕದಲ್ಲಿ ನಾನು ಓದಿದ್ದು ರಾಷ್ಟ್ರಪತಿಗಳ ಸಹಿಯ ಬಗ್ಗೆ ಮಾತ್ರ. ಆ ಸಹಿಯ ದಾರಿಯಲ್ಲಿ ಒಂದು ಜೋಡಿ ಕೆಂಪು ಬೂಟು ನಡೆದುಬರುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ನಾನು ಚಪ್ಪಲಿಯನ್ನೂ ಮೆಟ್ಟದೆ ರೈಲ್ವೆ ಸ್ಟೇಷನ್ನಿಗೆ ಓಡಲು ಎದ್ದೆ. ಅವನ ಕಾಲು ಹಿಡಿಯುತ್ತೇನೆ, ಅಫಿಡವಿಟ್ ಬರೆದುಕೊಡುತ್ತೇನೆ, ನಮ್ಮ ಕೇಸುಗಳ ಪಟ್ಟಿಯನ್ನು ಕಚೇರಿಯ ಡೈರಿ ಸಮೇತ ತೋರಿಸುತ್ತೇನೆ ಎಂದೆ.

"ಕುಂದ್ರು" ಎಂದರು. "ನನ್ನ ಕಡಿಂದ ಒಂದು ಮಾತು ಹೋತಂದ್ರ ಅದು ವಶೀಲಿ ಆಗ್ತದ. ಕುರ್ಚಿ ಬೇಡಿ ತಗೊಂಡಾಂವ ಅದರ ಮ್ಯಾಲೆ ಹ್ಯಾಂಗ ಕುಂದ್ರಬೇಕು?"

ಅವರ ಬಲ ಮೊಣಕೈ ಮೇಜಿನ ಮೇಲಿತ್ತು. ಕೇಳಲು ಎದುರಿಗೆ ಕಕ್ಷಿದಾರ ಯಾರೂ ಇರಲಿಲ್ಲ.

ಅವರು ಯಾರ ಚುನಾವಣೆ ತಕರಾರನ್ನು ಗೆಲ್ಲಿಸಿಕೊಟ್ಟಿದ್ದರೋ ಆ ಮುಖಂಡರು ಒಂದು ದಿನ ಕಾರು ತೆಗೆದುಕೊಂಡು ಬಂದರು. "ಸಾಹೇಬ್ರ, ದಿಲ್ಲಿಗೆ ಹೊಂಟೇನಿ. ನಿಮ್ಮ ಹೆಸರು ಅಲ್ಲಿ ಒಂದು ಸಲ ಅನ್ನಲೇನು?" ಸಾಹೇಬರು ಅವರಿಗೆ ಚಹಾ ಕೊಟ್ಟರು, ದಿಲ್ಲಿಯ ಚಳಿಯ ಬಗ್ಗೆ ಮಾತಾಡಿದರು, ಕಾರಿನ ತನಕ ಹೋಗಿ ಬೀಳ್ಕೊಟ್ಟರು. ತಮ್ಮ ಹೆಸರು ಅನ್ನಿರಿ ಎಂದು ಮಾತ್ರ ಹೇಳಲಿಲ್ಲ. ಮೂಲೆಯಲ್ಲಿ ನಿಂತು ನಾನು ಕೈ ಹಿಸುಕಿಕೊಂಡೆ. ಅವರ ಆ ನಿಷ್ಠೆ ನನಗೆ ಆಗ ಕ್ರೌರ್ಯದಂತೆ ಕಂಡಿತು. ಒಂದು ಮಾತು ಆಡಿದ್ದರೆ ನಾನಾದರೂ ಉಳಿಯುತ್ತಿದ್ದೆನಲ್ಲ!

ಹೊಸ ನ್ಯಾಯಮೂರ್ತಿಗಳ ಒಂದು ಪಟ್ಟಿ ಹೊರಟಿತು. ರೇಡಿಯೋದಲ್ಲಿ ಹೆಸರು ಓದಿದರು. ಅವರದಿರಲಿಲ್ಲ. ಮುಂದಿನ ವರ್ಷ ಇನ್ನೊಂದು ಪಟ್ಟಿ. ಅದರಲ್ಲಿ ಅವರಿಗಿಂತ ಹತ್ತು ವರ್ಷ ಚಿಕ್ಕವರೊಬ್ಬರಿದ್ದರು. ಇಲ್ಲ ಎಂದು ಒಂದು ಸಾಲು ಬರೆದು ಯಾರೂ ಕಳಿಸಲಿಲ್ಲ. ಪೋಸ್ಟ್‌ಮನ್ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಸಾಹೇಬರು ಓದುತ್ತಿದ್ದ ಪುಟದಲ್ಲೇ ಕಣ್ಣು ನೆಟ್ಟು ಕುಳಿತಿರುತ್ತಿದ್ದರು, ಆದರೆ ಪುಟ ತಿರುಗುತ್ತಿರಲಿಲ್ಲ.

ಮೂರನೆಯ ವರ್ಷ ಅವರು ಮತ್ತೆ ವಕಾಲತ್ತಿಗೆ ಸಹಿ ಹಾಕುತ್ತೇನೆಂದರು. ಸಹಿ ಹಾಕಿಸಿಕೊಳ್ಳಲು ಜನ ಇರಲಿಲ್ಲ. ಅವರೆಲ್ಲ ಬೇರೆ ವಕೀಲನನ್ನು ಹಿಡಿದಿದ್ದರು. ಆ ಬೇರೆ ವಕೀಲ ಯಾರೆಂದು ಹೇಳಬೇಕಾಗಿಲ್ಲ. ಪ್ರಾಕ್ಟೀಸ್ ಎಲ್ಲಿದೆ, ಸುಮ್ಮನೆ ಬಾಗಿಲು ತೆರೆದು ಕುಳಿತಿದ್ದೇವೆ ಎಂದು ನಾನು ಆಡಿದ ಸುಳ್ಳು ಮೂರೇ ವರ್ಷದಲ್ಲಿ ಅಕ್ಷರಶಃ ನಿಜವಾಯಿತು. ಬಾರ್ ರೂಮಿನಲ್ಲಿ ಕೆಲವರು ಈಗಲೂ ಜಡ್ಜ್ ಸಾಹೇಬರು ಎಂದೇ ಕರೆಯುತ್ತಿದ್ದರು. ಆದರೆ ಈಗ ಹಾಗೆ ಕರೆದವರು ಪಕ್ಕದವರ ಮುಖ ನೋಡುತ್ತಿದ್ದರು.

ಹಾವೇರಿಯ ಚಹಾದಂಗಡಿಯಲ್ಲಿ ಇದಕ್ಕೆ ಕಾರಣಗಳು ಬಿಸಿಬಿಸಿಯಾಗಿ ಸಿಗುತ್ತಿದ್ದವು. "ಸಾಬರ ಹೆಸರು ನೋಡಿ ಫೈಲು ಕೆಳಗ ಇಟ್ಟಾರ" ಎನ್ನುವವರು ಕೆಲವರು. "ನಮ್ಮ ಕಡಿಯವ್ರು ಅಂದ್ರ ಬೆಂಗಳೂರಿನವ್ರಿಗೆ ಮನಶ್ಯಾರ ಕಾಣ್ತಾರೇನು?" ಎನ್ನುವವರು ಕೆಲವರು. "ಆ ಮುಖಂಡಗ ಹೂಂ ಅಂದಿದ್ರ ಆಗ್ತಿತ್ತು" ಎನ್ನುವವರು ಉಳಿದವರು. ನಾನು ಎಲ್ಲರಿಗೂ ತಲೆಯಾಡಿಸಿದೆ. ಒಂದೊಂದು ಕಾರಣ ನನಗೆ ಒಂದೊಂದು ರಾತ್ರಿಯ ನಿದ್ದೆ ಕೊಟ್ಟಿತು. ಅವುಗಳಲ್ಲಿ ಯಾವುದಾದರೂ ನಿಜವಾಗಿದ್ದರೆ ದೇಶಕ್ಕೆ ನಾಚಿಕೆಗೇಡು. ನಾನು ಮಾತ್ರ ಅದು ನಿಜವಾಗಿರಲಿ ಎಂದು ಹಾರೈಸುತ್ತಿದ್ದೆ. ನಾನು ಎಂಥ ಮನುಷ್ಯ ಎನ್ನುವುದಕ್ಕೆ ಇಷ್ಟು ಸಾಕು.

ಒಂದು ಮಳೆಗಾಲ ಬಾರ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಮಾಳಿಗೆ ಸೋರಿ ನೆಲದ ಮೇಲಿಟ್ಟ ಬಕೀಟಿಗೆ ಹನಿ ಬೀಳುತ್ತಿತ್ತು. ವರ್ಷಗಳಿಂದ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟೆ.

"ಸಾಹೇಬ್ರ, ನನ್ನಿಂದನs ಹೋತೇನ್ರಿ ಅದು?"

ಅವರು ಬಕೀಟು ನೋಡುತ್ತ ಹೇಳಿದರು: "ನಿನ್ನ ಮಾತಿಗೆ ದಿಲ್ಲಿಯಾಗ ಅಷ್ಟು ಕಿಮ್ಮತ್ತು ಇದ್ರ, ಮೊದ್ಲು ಈ ಮಾಳಿಗಿ ರಿಪೇರಿ ಮಾಡಸಪಾ ಪುಣ್ಯಾತ್ಮಾ."

ನಾನು ನಕ್ಕೆ. ಎಷ್ಟು ವರ್ಷಗಳ ಮೇಲೆ ಹಾಗೆ ನಕ್ಕಿದ್ದೆನೋ. ನಗು ಮುಗಿದ ಮೇಲೆ ನೋಡಿದರೆ ಅವರು ನಕ್ಕಿರಲಿಲ್ಲ.

"ಕಾರಣಾ ಯಾವುದೋ ಏನೋ, ನನಗೂ ಗೊತ್ತಿಲ್ಲ. ಆದ್ರ ತಮ್ಮಾ, ನೀ ಖರೇ ಹೇಳಬಹುದಿತ್ತು. ಕೇಳಿದಾಂವ ಯಾರs ಇರವಲ್ಲನ್ಯಾಕ. ಟ್ಯಾಕ್ಸಿನಾಂವ ಇದ್ರೂ ಖರೇನs ಹೇಳಬೇಕಿತ್ತು. ನನ್ನ ಹತ್ರ ನಾಕು ವರ್ಷ ಇದ್ದೆಲ್ಲಾ ಅಂತ ಅಷ್ಟs ನನಗ ಕೆಟ್ಟ ಅನಸ್ತು."

ಬೈದಿದ್ದರೆ ಮರೆಯುತ್ತಿದ್ದೆ.

ಹಾವೇರಿ ಜಿಲ್ಲೆಯಾದ ಮರುವರ್ಷ ಅವರು ತೀರಿಕೊಂಡರು. ಊಟ ಮುಗಿಸಿ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಹೊಸ ಜಿಲ್ಲೆಯ ಕೋರ್ಟು ಹಾಲಿನಲ್ಲಿ ವಕೀಲರೆಲ್ಲ ಸೇರಿ ಎರಡು ನಿಮಿಷ ಎದ್ದು ನಿಂತರು. ಆ ವೇಳೆಗೆ ನಾನು ವಕೀಲರ ಸಂಘದ ಕಾರ್ಯದರ್ಶಿ. ಅವರದೇ ಕಕ್ಷಿದಾರರು ನನ್ನನ್ನು ಅಷ್ಟು ದೊಡ್ಡವನನ್ನಾಗಿ ಮಾಡಿದ್ದರು. ಸಂತಾಪ ನಿರ್ಣಯ ಬರೆಯುವ ಕೆಲಸ ನನಗೇ ಬಂತು. ಬರೆದೆ: ಇವರು ರಾಣೆಬೆನ್ನೂರು, ಹಾವೇರಿ ನ್ಯಾಯಾಲಯಗಳಲ್ಲಿಯೂ ಹೈಕೋರ್ಟಿನಲ್ಲಿಯೂ ವಿಸ್ತಾರವಾದ ವಕೀಲಿ ನಡೆಸಿದವರು. ಇವರ ಕಚೇರಿಯ ಮುಂದೆ ಬೆಳಿಗ್ಗೆ ಏಳರಿಂದಲೇ ಜನ ಕಾಯುತ್ತಿದ್ದರು. ಯಾವ ಕೇಸಿನಲ್ಲೂ ಸತ್ಯವನ್ನು ಮುಚ್ಚಿಟ್ಟವರಲ್ಲ. ಬಿಳಿ ಅಂಗಿಯವನ ಡೈರಿಯಲ್ಲಿ ಇರಬೇಕಾಗಿದ್ದ ಮಾತುಗಳು ಇವು. ಹನ್ನೆರಡು ವರ್ಷ ತಡವಾಗಿ, ಒಂದು ಟೈಪಿನ ತಪ್ಪೂ ಇಲ್ಲದೆ, ಒಂದೇ ಹಾಳೆಯಲ್ಲಿ ಬಂದವು.

ನಿರ್ಣಯದ ಪ್ರತಿಯನ್ನು ಮನೆಯವರಿಗೆ ಕಳಿಸುವುದು ವಾಡಿಕೆ. ಕಳಿಸಿದೆ. ಇನ್ನೊಂದು ಪ್ರತಿಯನ್ನು ಲಕೋಟೆಗೆ ಹಾಕಿ, ಮಾನ್ಯ ರಾಷ್ಟ್ರಪತಿಗಳು, ರಾಷ್ಟ್ರಪತಿ ಭವನ, ನವದೆಹಲಿ ಎಂದು ವಿಳಾಸ ಬರೆದೆ. ಅಂಚೆ ಗುಮಾಸ್ತ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಏನ್ರಿ ವಕೀಲ್ರ, ನೇರ ರಾಷ್ಟ್ರಪತಿಗೇ?" ಎಂದ. "ಹೌದ್ರಿ, ಹಳೇ ಕೇಸು" ಎಂದೆ. ರಜಿಸ್ಟರ್ ಮಾಡಿಸಿದೆ, ಸ್ವೀಕೃತಿ ಚೀಟಿ ಹಚ್ಚಿಸಿದೆ.

ಹದಿನೆಂಟು ದಿನಕ್ಕೆ ಆ ಕಾರ್ಡು ತಿರುಗಿ ಬಂತು. ಒಂದು ದುಂಡು ಮುದ್ರೆ, ಅದರ ಪಕ್ಕ ನೀಲಿ ಶಾಯಿಯ ಒಂದು ಗೀಚು. ಆವಕ ವಿಭಾಗದ ಯಾವನೋ ಗುಮಾಸ್ತನದಿರಬೇಕು. ಕಿಟಕಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದೆ. ಯಾರ ಸಹಿಯೋ ತಿಳಿಯಲಿಲ್ಲ. ಸಾಹೇಬರ ಹೆಸರಿನ ಮೇಲೆ ಆ ಭವನದಿಂದ ಬಂದ ಸಹಿ ಅದೊಂದೇ. ಅವರ ಸ್ವವಿವರದ ಕಾರ್ಬನ್ ಪ್ರತಿಗೆ ಅದನ್ನು ಟಾಚಣಿ ಚುಚ್ಚಿ ಇಟ್ಟಿದ್ದೇನೆ. ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ನನ್ನ ಲೆಕ್ಕದಲ್ಲಿ ಮುಗಿದಿಲ್ಲ. ಬಾಗಿಲಲ್ಲಿ ಅಪರಿಚಿತರು ನಿಂತರೆ ಈಗಲೂ ನಾನು ಮೊದಲು ಅವರ ಕಾಲು ನೋಡುತ್ತೇನೆ.