ಸರಸಿ ಮೂಸಿ ನೋಡಿದ ಗಡ್ಡೆ

ಆಗೆಲ್ಲ ಮುಂಗಾರು ಶುರುವಾಗುವ ಮೊದಲು ಎರಡು ಮೂರು ವಾರ ನಮ್ಮ ನಡುಮನೆ ನಮ್ಮದಾಗಿರುತ್ತಿರಲಿಲ್ಲ, ಆಲೂಗಡ್ಡೆಯದಾಗಿರುತ್ತಿತ್ತು. ದೊಡ್ಡಗದ್ದವಳ್ಳಿಯಿಂದ ಸ್ವಲ್ಪ ಆಚೆಗೆ ನಮ್ಮೂರು. ಹಾಸನದ ಮಾರುಕಟ್ಟೆಯಿಂದ ತಂದ ಬಿತ್ತನೆ ಗಡ್ಡೆಯನ್ನು ಮೊಳಕೆ ಬರಲೆಂದು ನೆಲದ ತುಂಬ ಹರಡುತ್ತಿದ್ದರು. ಮಕ್ಕಳ ಊಟ, ನಿದ್ದೆ, ಚೌಕಾಬಾರ ಎಲ್ಲವೂ ಜಗಲಿಗೆ ಬರುತ್ತಿದ್ದವು. ಒಳಗೆ ಕಾಲಿಟ್ಟರೆ ಹಸಿಮಣ್ಣಿನ ವಾಸನೆ, ಗೋಣಿಚೀಲದ ವಾಸನೆ. ನನ್ನ ಮೂಗಿಗೆ ಸಿಗುತ್ತಿದ್ದದ್ದು ಅಷ್ಟೇ.

ಚಿಕ್ಕಪ್ಪನ ಮಗಳು ಸರಸಿಗೆ ಇನ್ನೂ ಏನೋ ಸಿಗುತ್ತಿತ್ತು. ನನಗಿಂತ ಒಂದು ವರ್ಷ ಚಿಕ್ಕವಳು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತಾತ ಅವಳನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದುಕೊಳ್ಳುವಳು.

“ಗ್ವಾಡೆ ಪಕ್ಕ ತಾತ. ಒರಳುಕಲ್ ತಾವ.”

ತಾತ ಅಲ್ಲಿ ಕೈಯಾಡಿಸಿದರೆ ಒಂದು ಗಡ್ಡೆ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಹೊರಗಿನಿಂದ ಏನೂ ಕಾಣದು. ಕೊಯ್ದರೆ ಒಳಗೆ ಕಪ್ಪು.

“ನೋಡ್ಲಾ, ನಿಂಗಿಂತ ಚಿಕ್ಕೋಳು. ನಿಂಗೆ ಆ ಮೂಗು ಕೊಟ್ಟಿರೋದ್ಯಾಕೆ, ಕನ್ನಡಕ ಆಕ್ಕಳಕ್ಕಾ?” ಎಂದು ತಾತ ನನ್ನನ್ನು ಕೇಳುತ್ತಿದ್ದರು. ಆಗ ನನಗೆ ಕನ್ನಡಕವಿತ್ತೇ? ಇರಲಿಲ್ಲ ಎನ್ನುತ್ತಾಳೆ ಅಮ್ಮ. ಹಾಗಾದರೆ ಆ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಹೊಟ್ಟೆಯುರಿ ಮಾತ್ರ ನಾನು ಸೇರಿಸಿಕೊಂಡದ್ದಲ್ಲ.

ಹಾಸನಕ್ಕೆ ಹೋಗುವಾಗ ತಾತನ ಸೈಕಲ್ಲಿನ ಮುಂದಿನ ಕಂಬಿ ಅವಳಿಗೆ. ಅಕ್ಕಪಕ್ಕದ ಮನೆಯವರೂ “ಸರಸಿನ ಒಂದ್ಗಳಿಗೆ ಕಳ್ಸಿ” ಎಂದು ಬರುತ್ತಿದ್ದರು; ವಾಪಸು ಬರುವಾಗ ಅವಳ ಲಂಗದ ಮಡಿಲಲ್ಲಿ ಹುರಿಗಡಲೆ, ಬೆಲ್ಲ. ನಾನು ಅವಳನ್ನು ನಾಯಿಮೂಗಿ ಎಂದು ಕರೆಯುತ್ತಿದ್ದೆ. “ಊಂ ಕಣಣ್ಣ, ಇವತ್ ನಿನ್ ಜೇಬಲ್ಲಿ ಉಣಸೇಹಣ್ಣದೆ” ಎಂದು ನಗುವಳು. ಇರುತ್ತಿತ್ತು. ಯಾರಿಗೂ ಕಾಣದ ಹಾಗೆ ನಾನೂ ನಡುಮನೆಯಲ್ಲಿ ಮಂಡಿಯೂರಿ, ನಾಯಿಯ ಹಾಗೆ ಸಾಲುಸಾಲಾಗಿ ಮೂಸಿದ್ದೇನೆ. ಮೂಗಿನೊಳಗೆ ಮಣ್ಣು ಹೋಯಿತು, ಸೀನು ಬಂತು.

ಒಂದು ವರ್ಷ, ಗಡ್ಡೆ ಕೊಯ್ಯುವ ಹಿಂದಿನ ದಿನ, ಸರಸಿ ಕೊನೆಯ ಸಲ ಉಸಿರೆಳೆದು “ಎಲ್ಲಾ ಚೆಂದಾಗವೆ” ಎಂದಳು. ಮಧ್ಯಾಹ್ನ ನಾನು ತಿಪ್ಪೆಗೆ ಹೋಗಿ, ಅವಳೇ ಹಿಂದೆ ಹಿಡಿದುಕೊಟ್ಟಿದ್ದ, ಕೊಯ್ಯದೆ ಎಸೆದಿದ್ದ ಕೊಳೆತ ಗಡ್ಡೆಯೊಂದನ್ನು ಹುಡುಕಿ ತಂದೆ. ಮಣ್ಣು ಒರೆಸಿ ಮೂಲೆಯ ರಾಶಿಯೊಳಗೆ ತುರುಕಿದೆ. ಅವಳು ಒಂದೇ ಒಂದು ಸಲ ಸೋಲಬೇಕು, ಅಷ್ಟೇ ನನ್ನ ಆಸೆ.

ಕೊಯ್ಯುವುದೆಂದರೆ ಹೆಂಗಸರೆಲ್ಲ ಕುಡುಗೋಲು ಮೆಟ್ಟಿ ಕೂತು, ಪ್ರತಿ ಹೋಳಿಗೂ ಒಂದೊಂದು ಮೊಳಕೆ ಬರುವ ಹಾಗೆ ಗಡ್ಡೆ ಸೀಳುವುದು. ಕೆಟ್ಟದ್ದು ಸಿಕ್ಕರೆ ಅಲಗನ್ನು ಬೂದಿಯಲ್ಲಿ ತಿಕ್ಕಿಯೇ ಮುಂದಿನದಕ್ಕೆ ಹೋಗಬೇಕು. ಇಲ್ಲದಿದ್ದರೆ ಆ ಕೊಳೆ ಒಳ್ಳೆಯದಕ್ಕೂ ಹತ್ತುತ್ತದೆ. ದೊಡ್ಡಮ್ಮ ಮಾತಿನ ಭರದಲ್ಲಿ ಕೈ ನೋಡಲಿಲ್ಲ. ಕುಕ್ಕೆಯಲ್ಲಿ ಕಪ್ಪು ಹೋಳು ಕಂಡಾಗ, ಅದಾದ ಮೇಲೆ ಎಷ್ಟು ಸೀಳಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಆ ಬೆಳಿಗ್ಗೆ ಅವರು ಕೊಯ್ದದ್ದನ್ನೆಲ್ಲ ತಾತ ಆಚೆ ಸುರಿಸಿದರು.

ಸರಸಿ ಆ ಹೋಳನ್ನು ಎತ್ತಿ ಮೂಸಿದಳು. “ತಾತ, ಇದು ಒಳಗಡೆದಲ್ಲ. ತಿಪ್ಪೆ ವಾಸ್ನೆ ಬತ್ತದೆ.”

“ಆಡಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ!” ಎಂದರು ದೊಡ್ಡಮ್ಮ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

“ದಿಟ ತಾತ, ನಿನ್ನಾಣೆ!”

“ಓಗ್ಲಿ ಬುಡು ಮಗ,” ಎಂದರು ತಾತ. ಬೈಯಲಿಲ್ಲ. ಮರುವರ್ಷ ಅವಳನ್ನು ಬಾಗಿಲಲ್ಲಿ ನಿಲ್ಲಿಸಲೂ ಇಲ್ಲ.

ಮುಂದೆ ನಾನು ಪ್ರಾಣಿಶಾಸ್ತ್ರ ಓದಿದೆ. ಕಣ್ಣು ಕಿವಿ ಮೂಡುವುದಕ್ಕೆ ಎಷ್ಟೋ ಮೊದಲೇ ಜೀವಿಗಳು ನೀರಿನಲ್ಲಿ ಕರಗಿದ್ದನ್ನು ಗುರುತಿಸಿ, ಆಹಾರದ ಕಡೆಗೆ ಸರಿದವು, ವಿಷದಿಂದ ದೂರ ಹೋದವು ಎಂದು ಮೇಷ್ಟ್ರು ಹೇಳಿದರು. ಕೊಳೆತದ್ದನ್ನು ಅರಿತ ಪ್ರಾಣಿ ಉಳಿದು ಮರಿ ಹಾಕಿತು, ಅರಿಯದ್ದು ಸತ್ತಿತು. ಹಾವು ನಾಲಗೆ ಚಾಚಿ ಗಾಳಿಯಲ್ಲಿರುವುದನ್ನು ಬಾಯೊಳಕ್ಕೆ ತಂದುಕೊಳ್ಳುತ್ತದೆ. ಗಂಡು ಪತಂಗಕ್ಕೆ ಕತ್ತಲಲ್ಲಿ ಹೆಣ್ಣು ಎಲ್ಲಿದೆ ಎಂದು ಮೀಸೆಯೇ ಹೇಳುತ್ತದೆ. ತರಗತಿಯಲ್ಲಿ ಕೂತು ನಾನು ಆ ಪತಂಗದ ಮೇಲೂ ಹೊಟ್ಟೆಕಿಚ್ಚು ಪಟ್ಟೆ. ಮನುಷ್ಯರಲ್ಲೂ ಎಲ್ಲರಿಗೂ ಎಲ್ಲ ವಾಸನೆಯೂ ಒಂದೇ ಸಮ ಸಿಗುವುದಿಲ್ಲವಂತೆ. ಅಂದರೆ ಸರಸಿಯದು ಪವಾಡವಲ್ಲ. ಆದರೆ ಅಲ್ಲೇ ನನ್ನ ಅನುಮಾನವೂ ಶುರುವಾಯಿತು. ತಿಪ್ಪೆಯ ವಾಸನೆ ಎಂದು ಅವಳು ನಿಜವಾಗಿ ಹೇಳಿದ್ದಳೇ, ಅಥವಾ ಓದಿದ ಮೇಲೆ ನಾನೇ ಅವಳ ಬಾಯಲ್ಲಿ ಆ ಮಾತು ಇಟ್ಟೆನೇ? ತಾತನೂ ಇಲ್ಲ, ದೊಡ್ಡಮ್ಮನೂ ಇಲ್ಲ. ಅಮ್ಮನಿಗೆ ನೆನಪಿಲ್ಲ. ಸರಸಿಯನ್ನು ಬಿಟ್ಟರೆ ಉಳಿದ ಸಾಕ್ಷಿ ನಾನೊಬ್ಬನೇ. ನನ್ನನ್ನು ನಾನು ನಂಬುವುದಿಲ್ಲ.

ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿರುವ ಸರಸಿಯ ಮನೆಗೆ ಹೋದೆ. ಅವತ್ತು ತಿಪ್ಪೆಯ ವಾಸನೆ ನಿಜವಾಗಿ ಬಂದಿತ್ತಾ ಎಂದು ನೇರವಾಗಿ ಕೇಳಿದೆ.

“ಅಯ್ಯೋ, ಮೂಗೂ ಇಲ್ಲ ಗೀಗೂ ಇಲ್ಲ ಕಣಣ್ಣ. ಏನೋ ಊಹೆ ಮ್ಯಾಲೆ ಏಳ್ತಿದ್ದೆ. ಅವತ್ತು ಸಿಕ್ಕಾಕ್ಕೊಂಡೆ, ಅಷ್ಟೇಯ.”

“ಆ ಗಡ್ಡೆ ಇಟ್ಟೋನು ನಾನು ಸರಸಿ.”

ಅವಳು ನಕ್ಕಳು. “ಬುಡಣ್ಣ. ಇಷ್ಟ್ ವರ್ಸ ಆದ್ಮೇಲೆ ಸಮಾಧಾನ ಮಾಡಕ್ ಬಂದ್ಬುಟ್ಯಾ!”

ಕಾಫಿಗೆಂದು ಫ್ರಿಜ್‌ನಿಂದ ಹಾಲಿನ ಪಾತ್ರೆ ತೆಗೆದಳು. ಮುಚ್ಚಳ ಎತ್ತಿದವಳು ಒಂದು ಗಳಿಗೆ ನಿಂತಳು. ಆಮೇಲೆ ಪಾತ್ರೆಯನ್ನು ನನ್ನ ಮುಂದೆ ಹಿಡಿದು, “ನೋಡಣ್ಣ, ಓದಿರೋನು ನೀನು. ಚೆಂದಾಗದಾ?” ಎಂದಳು.

ಮೂಸಿದೆ. ಹಾಲಿನ ವಾಸನೆ. “ಚೆನ್ನಾಗಿದೆ,” ಎಂದೆ.

ಒಲೆಯ ಮೇಲೆ ಹಾಲು ಒಡೆಯಿತು.

“ಅಂದ್ಕೊಂಡೆ,” ಎಂದಳು ಸರಸಿ, ಗ್ಯಾಸ್ ಆರಿಸುತ್ತಾ.

“ಮತ್ತೆ ಹೇಳಬಾರದಿತ್ತಾ?”

“ನಾನೇಳಿ ಯಾರ್ ಕೇಳಾರು ಬುಡು.”

ಹುಳಿಹಾಲನ್ನು ಸಿಂಕಿಗೆ ಸುರಿದಳು. ಆ ಮೂಗು ಎಲ್ಲಿಗೂ ಹೋಗಿಲ್ಲ. ಬಾಗಿಲಲ್ಲಿ ನಿಂತು “ಗ್ವಾಡೆ ಪಕ್ಕ ತಾತ” ಎಂದು ಕೂಗುತ್ತಿದ್ದ ಹುಡುಗಿ ಮಾತ್ರ ಇಲ್ಲ, ಅವಳನ್ನು ನಾನು ಕಳೆದೆ. ಅದು ತಿಳಿದ ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಬಂದದ್ದು, ಅವಳಿಗೆ ಇನ್ನೂ ವಾಸನೆ ಸಿಗುತ್ತದಲ್ಲಾ ಎಂಬ ಹೊಟ್ಟೆಕಿಚ್ಚು.